ಇನ್ನೊಂದೇ ಒಂದು ಆಟ!

ಹದಿಹರೆಯದ ದುಡುಕಿಗೂ ಜೂಜಿನ ಚಟಕ್ಕೂ ಹತ್ತಿರದ ನಂಟಿದೆ. ಈ ನಂಟಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ? ಹೆತ್ತವರು ಎಲ್ಲಿ ಎಚ್ಚರ ವಹಿಸಬೇಕು?

ಯುಗಾದಿಯ ಮರುದಿನ ವರ್ಷತೊಡಕು. ಹಳೆ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಅಂದು ಬಾಡೂಟದ ಘಮದ ಜೊತೆಗೆ ಇಸ್ಪೀಟಿನ ಗದ್ದಲವೂ ಉಂಟು. ಅರಳಿಕಟ್ಟೆಯ ಮೇಲೆ, ಹೊಂಗೆಮರದ ನೆರಳಲ್ಲಿ, ಪಂಪ್‌ಸೆಟ್ ಮನೆಯ ಮುಂದೆ ದುಂಡಗೆ ಕೂತ ಗಂಡಸರು. ಅವರ ಬೆನ್ನ ಹಿಂದೆ ಇಣುಕುತ್ತಾ ನಿಂತ ಹುಡುಗರು. ‘ವರ್ಷಕ್ಕೊಂದು ದಿನ ತಾನೇ’ ಎಂದು ಮನೆಯ ಹೆಂಗಸರೂ ಸುಮ್ಮನಿರುತ್ತಾರೆ. ಗೆದ್ದ ಚಿಕ್ಕಪ್ಪನೋ ಮಾವನೋ ಖುಷಿಯಿಂದ ಕೊಟ್ಟ ಹತ್ತಿಪ್ಪತ್ತು ರೂಪಾಯಿ ಹುಡುಗರ ಜೇಬಿಗೂ ಬೀಳುತ್ತದೆ. ಅದನ್ನು ಅವರೂ ಒಂದು ಮೂಲೆಯಲ್ಲಿ ಕೂತು ಆಡುತ್ತಾರೆ. ಸಂಜೆಯಾಗುತ್ತದೆ, ಹಬ್ಬ ಮುಗಿಯುತ್ತದೆ. ಬಹುಪಾಲು ಹುಡುಗರಿಗೆ ಜೂಜೂ ಅಲ್ಲಿಗೇ ಮುಗಿಯುತ್ತದೆ.

ಎಲ್ಲರಿಗೂ ಹಾಗಾಗುವುದಿಲ್ಲ ಎಂಬುದೇ ಸಮಸ್ಯೆ.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹತ್ತೊಂಬತ್ತು ವರ್ಷ. ಓದಿನಲ್ಲಿ ಪರವಾಗಿಲ್ಲ. ದೂರದ ಊರಿನಲ್ಲಿ ಹಾಸ್ಟೆಲ್ ವಾಸ. ಕಬ್ಬಿನ ಹಣ ಕೈಗೆ ಬಂದ ಕೂಡಲೇ ಅಪ್ಪ ಮಗನ ಖಾತೆಗೆ ಫೀಸಿನ ಮೂವತ್ತೆಂಟು ಸಾವಿರ ರೂಪಾಯಿ ಹಾಕಿದ್ದಾರೆ. ಕಟ್ಟಲು ಇನ್ನೂ ಹದಿನೈದು ದಿನ ಗಡುವಿದೆ. ಅಂದು ರಾತ್ರಿ ಟಿ.ವಿ.ಯಲ್ಲಿ ಕ್ರಿಕೆಟ್. ಗೆಳೆಯನೊಬ್ಬ ಕಳಿಸಿದ ಲಿಂಕು ಮೊಬೈಲಿನಲ್ಲಿದೆ. ಐವತ್ತು ರೂಪಾಯಿ ಕಟ್ಟುತ್ತಾನೆ; ಒಂಬೈನೂರು ಬರುತ್ತದೆ! ಮರುದಿನ ಐನೂರು ಕಟ್ಟುತ್ತಾನೆ, ಹೋಗುತ್ತದೆ. ಹೋದ ಐನೂರನ್ನು ತರಲು ಸಾವಿರ, ಸಾವಿರವನ್ನು ತರಲು ಎರಡು ಸಾವಿರ. ಪ್ರತಿ ಸಲವೂ ಅವನು ತನಗೆ ತಾನೇ ಹೇಳಿಕೊಳ್ಳುವುದು ಒಂದೇ ಮಾತು: ‘ಇನ್ನೊಂದೇ ಒಂದು ಆಟ’. ಹನ್ನೊಂದನೆಯ ರಾತ್ರಿ ಖಾತೆಯಲ್ಲಿ ಉಳಿದಿರುವುದು ನೂರಾ ಹದಿನಾರು ರೂಪಾಯಿ.

ಇವನು ಕಲ್ಪನೆಯ ಹುಡುಗ. ಆದರೆ ಇಂಥವನೊಬ್ಬನ ಸುದ್ದಿ ಕೇಳದ ಊರು ಈಗ ಅಪರೂಪ. ಸುದ್ದಿ ತಿಳಿದ ಮೇಲೆ ಊರಿನವರ ಬಾಯಲ್ಲಿ ಬರುವ ಮಾತುಗಳೂ ಒಂದೇ ಬಗೆಯವು: ‘ಬುದ್ಧಿ ಎಲ್ಲಿ ಹೋಗಿತ್ತು?’, ‘ಒಂದು ಕ್ಷಣ ಯೋಚನೆ ಮಾಡಬಾರದಿತ್ತೇ?’ ಬೈಗುಳದಂತೆ ಕೇಳಿಸಿದರೂ ಇವು ಒಳ್ಳೆಯ ಪ್ರಶ್ನೆಗಳೇ. ಆ ಒಂದು ಕ್ಷಣದ ಯೋಚನೆ ಏಕೆ ಬರುವುದಿಲ್ಲ ಎಂಬುದನ್ನೇ ವಿಜ್ಞಾನಿಗಳೂ ದಶಕಗಳಿಂದ ಹುಡುಕುತ್ತಿದ್ದಾರೆ.

ದುಡುಕು ಎಂದರೇನು?

ಮುಂದಿನ ಪರಿಣಾಮವನ್ನು ತೂಗಿ ನೋಡದೆ, ಮನಸ್ಸಿಗೆ ತೋಚಿದ್ದನ್ನು ಆ ಕ್ಷಣವೇ ಮಾಡಿಬಿಡುವ ಸ್ವಭಾವಕ್ಕೆ ನಾವು ದುಡುಕು ಎನ್ನುತ್ತೇವೆ. ಮನೋವಿಜ್ಞಾನ ಇದನ್ನು ಇನ್ನಷ್ಟು ಬಿಡಿಸಿ ನೋಡುತ್ತದೆ. ಕಾಯಲಾರದಿರುವುದು ಒಂದು ಬಗೆ. ನಾಳೆ ಸಿಗುವ ನೂರು ರೂಪಾಯಿಗಿಂತ ಈಗಲೇ ಸಿಗುವ ಅರವತ್ತೇ ಹಿರಿದೆಂದು ತೋರುವುದು. ತಡೆಯಲಾರದಿರುವುದು ಇನ್ನೊಂದು. ಕೈ ಮುಂದೆ ಹೋದ ಮೇಲೆ ‘ಬೇಡ’ ಎಂಬ ಬುದ್ಧಿಮಾತು ತಡವಾಗಿ ಬರುವುದು. ಹೊಸ ರೋಮಾಂಚನಕ್ಕಾಗಿ ಹಾತೊರೆಯುವುದು ಮೂರನೆಯದು. ಮನಸ್ಸು ಕೆಟ್ಟಾಗ, ಸಿಟ್ಟು ಬಂದಾಗ, ಅವಮಾನವಾದಾಗ ಮಾತ್ರ ಲಗಾಮು ಕಳಚುವುದು ನಾಲ್ಕನೆಯದು.

ಇವೆಲ್ಲ ಎಲ್ಲರಲ್ಲೂ ಸ್ವಲ್ಪಸ್ವಲ್ಪ ಇರುತ್ತವೆ. ದುಡುಕೆಲ್ಲ ಕೆಟ್ಟದ್ದೂ ಅಲ್ಲ. ಕೆರೆಗೆ ಬಿದ್ದ ಮಗುವನ್ನು ಎತ್ತಲು ಹಿಂದೆಮುಂದೆ ನೋಡದೆ ಧುಮುಕುವವನೂ ದುಡುಕುಗಾರನೇ. ಆದರೆ ಜೂಜು ಎಂಬುದು ಈ ನಾಲ್ಕೂ ದೌರ್ಬಲ್ಯಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿದೆ. ಫಲ ತಕ್ಷಣ ಸಿಗುತ್ತದೆ, ಯೋಚಿಸಲು ಬಿಡುವಿಲ್ಲ, ರೋಮಾಂಚನ ಬೇಕಷ್ಟು, ಬೇಸರಕ್ಕೆ ಮರೆವೂ ಉಂಟು.

ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಚಿಕ್ಕಂದಿನಿಂದಲೂ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಮೂರನೆಯ ವಯಸ್ಸಿನಲ್ಲೇ ಆ ಮಕ್ಕಳ ಸ್ವಭಾವವನ್ನು ದಾಖಲಿಸಲಾಗಿತ್ತು. ಅವರು 21 ಮತ್ತು 32 ವರ್ಷದವರಾದಾಗ ಜೂಜಿನ ಬಗ್ಗೆ ವಿಚಾರಿಸಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ಹುಟ್ಟಿಸುವಂಥದು. ಮೂರನೆಯ ವಯಸ್ಸಿನಲ್ಲಿ ಚಂಚಲರೂ ಹಟಮಾರಿಗಳೂ ಹಿಡಿತಕ್ಕೆ ಸಿಗದವರೂ ಆಗಿದ್ದ ಮಕ್ಕಳು, ಉಳಿದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಜೂಜಿನ ತೊಂದರೆಗೆ ಸಿಕ್ಕಿದ್ದರು.

ಇದನ್ನು ಓದಿ ತುಂಟ ಮಗುವಿನ ತಾಯಿ ಗಾಬರಿಯಾಗಬೇಕಿಲ್ಲ. ಅಂಥ ಮಕ್ಕಳಲ್ಲಿ ಹೆಚ್ಚಿನವರು ಜೂಜುಕೋರರಾಗಲಿಲ್ಲ ಎಂಬುದೂ ಅಷ್ಟೇ ನಿಜ. ಸ್ವಭಾವ ಎಂಬುದು ಹಣೆಬರಹವಲ್ಲ. ಇಳಿಜಾರು ಎಲ್ಲಿದೆ ಎಂದು ತೋರಿಸುವ ಗುರುತು, ಅಷ್ಟೇ.

ನಾಲ್ಕು ಕಟ್ಟುಗಳ ಪರೀಕ್ಷೆ

ಲಗಾಮು ಹಿಡಿಯುವ ಕೆಲಸ ಮಿದುಳಿನ ಯಾವ ಭಾಗದ್ದು? ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆಂಟ್ವಾನ್ ಬೆಚಾರಾ, ಆಂಟೋನಿಯೊ ಡಮಾಸಿಯೊ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಈ ವಿಷಯದಲ್ಲಿ ಹೆಸರುವಾಸಿ.

ಎದುರಿಗೆ ಎಲೆಗಳ ನಾಲ್ಕು ಕಟ್ಟುಗಳು. ಆಡುವವನಿಗೆ ಎರಡು ಸಾವಿರ ಡಾಲರಿನ ಆಟದ ಹಣ. ಯಾವ ಕಟ್ಟಿನಿಂದ ಬೇಕಾದರೂ ಒಂದೊಂದೇ ಎಲೆ ತೆಗೆಯಬಹುದು. ಮೊದಲೆರಡು ಕಟ್ಟುಗಳಲ್ಲಿ ಪ್ರತಿ ಎಲೆಗೂ ನೂರು ಡಾಲರ್ ಲಾಭ. ಆದರೆ ನಡುನಡುವೆ ಭಾರಿ ದಂಡ. ಹತ್ತು ಎಲೆ ತೆಗೆಯುವಷ್ಟರಲ್ಲಿ ಒಟ್ಟು 250 ಡಾಲರ್ ನಷ್ಟ. ಉಳಿದೆರಡು ಕಟ್ಟುಗಳಲ್ಲಿ ಎಲೆಗೆ ಐವತ್ತೇ ಡಾಲರ್. ಆದರೆ ದಂಡವೂ ಹಗುರ. ಹತ್ತು ಎಲೆಗೆ 250 ಡಾಲರ್ ಉಳಿತಾಯ. ಈ ಗುಟ್ಟನ್ನು ಆಡುವವನಿಗೆ ಹೇಳುವುದಿಲ್ಲ.

ಸಾಮಾನ್ಯ ಜನ ಮೊದಲು ನೂರರ ಆಸೆಗೆ ಬಿದ್ದರೂ ಪೆಟ್ಟು ತಿಂದು ನಿಧಾನವಾಗಿ ಐವತ್ತರ ಕಟ್ಟುಗಳಿಗೆ ಸರಿಯುತ್ತಾರೆ. ಇನ್ನೂ ಸ್ವಾರಸ್ಯವೆಂದರೆ, ‘ಈ ಕಟ್ಟು ಕೆಟ್ಟದ್ದು’ ಎಂದು ಬಾಯಿಬಿಟ್ಟು ಹೇಳಲು ಬರುವ ಮೊದಲೇ, ಆ ಕಟ್ಟಿನತ್ತ ಕೈ ಚಾಚಿದಾಗ ಅವರ ಅಂಗೈಯಲ್ಲಿ ತುಸು ಬೆವರು ಕಾಣಿಸಿಕೊಳ್ಳುತ್ತಿತ್ತು! ಬುದ್ಧಿಗಿಂತ ಮೊದಲೇ ಮೈ ಎಚ್ಚರಿಸುತ್ತಿತ್ತು. ಆದರೆ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಕೆಳಪದರಕ್ಕೆ ಪೆಟ್ಟು ಬಿದ್ದಿದ್ದ ರೋಗಿಗಳಲ್ಲಿ ಆ ಬೆವರೂ ಇಲ್ಲ, ಆ ಎಚ್ಚರವೂ ಇಲ್ಲ. ಜಾಣರೇ ಆಗಿದ್ದರೂ ಅವರು ನೂರರ ಕಟ್ಟನ್ನೇ ಎಳೆಯುತ್ತಾ ಹೋಗಿ ಹಣ ಕಳೆದುಕೊಂಡರು.

ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂದು ಹೆಸರಿರುವ ಈ ಮುಂಭಾಗವೇ ನಮ್ಮ ಲಗಾಮು. ಮನುಷ್ಯನ ಮಿದುಳಿನಲ್ಲಿ ಎಲ್ಲಕ್ಕಿಂತ ತಡವಾಗಿ ಬಲಿಯುವ ಭಾಗಗಳಲ್ಲಿ ಇದೂ ಒಂದು. ಇಪ್ಪತ್ತು ದಾಟಿದ ಮೇಲೂ ಅದರ ಬೆಳವಣಿಗೆ ನಡೆದೇ ಇರುತ್ತದೆ. ಆದರೆ ಆಸೆ, ಸಂತೋಷ, ರೋಮಾಂಚನಕ್ಕೆ ಸಂಬಂಧಿಸಿದ ಒಳಭಾಗಗಳು ಹದಿಹರೆಯದ ಆರಂಭದಲ್ಲೇ ಚುರುಕಾಗುತ್ತವೆ. ಎತ್ತುಗಳು ಓಟಕ್ಕೆ ಸಿದ್ಧ. ಮೂಗುದಾರ ಹಿಡಿಯುವವನು ಇನ್ನೂ ಕಲಿಯುತ್ತಿದ್ದಾನೆ. ಇದೇ ಆ ವಯಸ್ಸಿನ ಕಷ್ಟ.

ಗೆಳೆಯರು ಜೊತೆಗಿದ್ದರಂತೂ ಓಟ ಇನ್ನೂ ಜೋರು. ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಕಂಪ್ಯೂಟರಿನ ಕಾರು ಓಡಿಸುವ ಆಟವೊಂದನ್ನು ಬೇರೆ ಬೇರೆ ವಯಸ್ಸಿನವರಿಂದ ಆಡಿಸಿದರು. ಗೆಳೆಯರು ಪಕ್ಕದಲ್ಲಿ ಕೂತು ನೋಡುತ್ತಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳವಾಗಿ ಏರಿತು. ದೊಡ್ಡವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಆರು ಜನ ಒಂದೇ ಮೊಬೈಲಿನ ಸುತ್ತ ಬಗ್ಗಿ ಕೂತಾಗ ಏನಾಗುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಪಾರಿವಾಳ ಕಲಿಸಿದ ಪಾಠ

ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯೊಳಗಿಟ್ಟು ಪ್ರಯೋಗ ಮಾಡುತ್ತಿದ್ದರು. ಗುಂಡಿಯೊಂದನ್ನು ಕುಕ್ಕಿದರೆ ಕಾಳು ಸಿಗುತ್ತದೆ. ಇಂತಿಷ್ಟು ಸಲ ಕುಕ್ಕಿದರೆ ಒಂದು ಕಾಳು ಎಂದು ಗೊತ್ತಿದ್ದಾಗ ಹಕ್ಕಿ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಕಾಳು ಒಮ್ಮೆ ಮೂರನೆಯ ಕುಕ್ಕಿಗೆ, ಇನ್ನೊಮ್ಮೆ ನಲವತ್ತನೆಯದಕ್ಕೆ, ಮತ್ತೊಮ್ಮೆ ಹತ್ತನೆಯದಕ್ಕೆ ಬರುವಂತೆ ಮಾಡಿದರೋ, ಹಕ್ಕಿ ಬಿಡುವೇ ಇಲ್ಲದೆ ಕುಕ್ಕತೊಡಗುತ್ತದೆ. ಕಾಳು ಪೂರ್ತಿ ನಿಂತುಹೋದರೂ ಬಹಳ ಹೊತ್ತು ಬಿಡುವುದಿಲ್ಲ. ‘ಮುಂದಿನದರಲ್ಲಿ ಬಂದರೂ ಬರಬಹುದು’! ಜೂಜಿನ ಯಂತ್ರಗಳು ನಡೆಯುವುದೂ ಈ ತತ್ತ್ವದ ಮೇಲೆಯೇ ಎಂದು ಸ್ಕಿನ್ನರ್ ಅವರೇ ಗುರುತಿಸಿದ್ದರು.

ಮಿದುಳಿನೊಳಗೆ ಏನಾಗುತ್ತದೆ? ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳನ್ನು ಅಭ್ಯಸಿಸಿದರು. ಹಣ್ಣಿನ ರಸದ ಹನಿ ಅನಿರೀಕ್ಷಿತವಾಗಿ ಸಿಕ್ಕಾಗ ಆ ಕೋಶಗಳು ಚಟಪಟನೆ ಮಿಡಿಯುತ್ತಿದ್ದವು. ರಸ ಬರುವ ಮುಂಚೆ ದೀಪ ಹೊತ್ತುತ್ತದೆ ಎಂದು ಮಂಗ ಕಲಿತ ಮೇಲೆ, ಮಿಡಿತ ರಸಕ್ಕಲ್ಲ, ದೀಪಕ್ಕೆ ವರ್ಗವಾಯಿತು. ರಸ ಬಂದೇ ಬರುತ್ತದೆಂಬ ಖಾತ್ರಿಯಿದ್ದಾಗ ಕಾಯುವ ಹೊತ್ತಿನಲ್ಲಿ ಕೋಶಗಳು ಸುಮ್ಮನಿದ್ದವು. ಬರುವ ಸಾಧ್ಯತೆ, ಬಾರದಿರುವ ಸಾಧ್ಯತೆ ಎರಡೂ ಸಮಸಮವಾಗಿದ್ದಾಗಲೇ ಕಾಯುವ ಹೊತ್ತಿನ ಮಿಡಿತ ಅತಿ ಹೆಚ್ಚು ಎಂದು 2003ರ ಪ್ರಯೋಗ ತೋರಿಸಿತು. ಗೆಲುವಿಗಿಂತ ‘ಏನಾಗುತ್ತದೋ’ ಎಂಬ ತವಕಕ್ಕೇ ಮಿದುಳು ಸೋಲುತ್ತದೆ ಎಂದು ಇದರಿಂದ ಅರ್ಥ ಮಾಡಿಕೊಳ್ಳಬಹುದು.

ಇದಕ್ಕೆ ಆಸ್ಪತ್ರೆಗಳಿಂದಲೂ ಒಂದು ಸಾಕ್ಷ್ಯ ಸಿಕ್ಕಿದೆ. ಪಾರ್ಕಿನ್ಸನ್ ರೋಗಿಗಳಿಗೆ ಡೋಪಮಿನ್‌ನಂತೆಯೇ ವರ್ತಿಸುವ ಔಷಧಗಳನ್ನು ಕೊಡುವುದುಂಟು. ಹಾಗೆ ಔಷಧ ಪಡೆಯುತ್ತಿದ್ದ 11 ರೋಗಿಗಳು ಜೂಜಿನ ಚಟಕ್ಕೆ ಸಿಕ್ಕಿದ್ದನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 2005ರಲ್ಲಿ ವರದಿ ಮಾಡಿದರು. ಔಷಧ ಇಳಿಸಿದ ಅಥವಾ ನಿಲ್ಲಿಸಿದ ಮೇಲೆ ಹಲವರ ಚಟವೂ ಇಳಿಯಿತು. ಅಪ್ಪಟ ಗೃಹಸ್ಥರನ್ನೂ ಒಂದು ರಾಸಾಯನಿಕ ಹೀಗೆ ಕುಣಿಸಬಲ್ಲುದಾದರೆ, ಚಟವನ್ನು ಬರೀ ‘ಸೊಕ್ಕು’ ಎಂದು ತಳ್ಳಿಹಾಕುವುದು ಎಷ್ಟು ಸರಿ?

‘ಸ್ವಲ್ಪದರಲ್ಲಿ ತಪ್ಪಿತು!’

ಜೂಜಿನಲ್ಲಿ ಸೋತವನ ಬಾಯಿಂದ ಹೆಚ್ಚಾಗಿ ಬರುವ ಮಾತಿದು. ಕಟ್ಟಿದ ಅಂಕಿ ಏಳು, ಬಂದದ್ದು ಎಂಟು. ‘ಇನ್ನೇನು ಬಂದೇಬಿಟ್ಟಿತ್ತು!’

ಗೋಲಿಯಾಟದಲ್ಲೋ ಬಿಲ್ಲುಗಾರಿಕೆಯಲ್ಲೋ ಈ ಮಾತಿಗೆ ಅರ್ಥವಿದೆ. ಗುರಿ ಒಂದು ಅಂಗುಲ ತಪ್ಪಿದರೆ ಕೈ ಪಳಗುತ್ತಿದೆ ಎಂದು ಲೆಕ್ಕ. ಇನ್ನಷ್ಟು ಅಭ್ಯಾಸ ಮಾಡಿದರೆ ಗುರಿ ಮುಟ್ಟಬಹುದು. ಪರೀಕ್ಷೆಯಲ್ಲಿ ಎರಡು ಅಂಕದಿಂದ ದರ್ಜೆ ತಪ್ಪಿದವನಿಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಚೀಟಿ ಎತ್ತುವಾಗ ಏಳಕ್ಕೆ ಎಂಟು ಎಷ್ಟು ದೂರವೋ ಒಂದೂ ಅಷ್ಟೇ ದೂರ. ಅಲ್ಲಿ ‘ಹತ್ತಿರ’ ಎಂಬುದೇ ಇಲ್ಲ. ಆದರೂ ಮಿದುಳು ಮೋಸಹೋಗುತ್ತದೆ. ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಲ್ಪದರಲ್ಲಿ ತಪ್ಪಿದ ಸೋಲು ಆಟಗಾರರಿಗೆ ಬೇಸರ ತಂದರೂ ಮತ್ತೆ ಆಡುವ ಆಸೆಯನ್ನು ಕೆರಳಿಸಿತು. ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ಆಗಲೂ ಚುರುಕಾಗಿದ್ದವು.

ಇನ್ನೊಂದು ಭ್ರಮೆ ‘ಸರದಿ’ಯದು. ‘ಇಷ್ಟು ಸಲ ಸೋತಿದ್ದೇನೆ, ಇನ್ನು ಗೆಲ್ಲಲೇಬೇಕು’ ಎಂಬ ನಂಬಿಕೆ. 1913ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ತಿರುಗುಚಕ್ರದ ಚೆಂಡು ಸತತವಾಗಿ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ‘ಇನ್ನು ಕೆಂಪೇ’ ಎಂದು ಜನ ಮುಗಿಬಿದ್ದು ಕೆಂಪಿನ ಮೇಲೆ ಹಣ ಸುರಿದು ಕಳೆದುಕೊಂಡರು. ಚೆಂಡಿಗೆ ನೆನಪಿಲ್ಲ. ಹಿಂದೆ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ.

ಮಡಕೆಯ ಲೆಕ್ಕ

ನಮ್ಮಲ್ಲಿ ಓ.ಸಿ. ಎಂದೂ ಮಟ್ಕಾ ಎಂದೂ ಕರೆಯುವ ಅಂಕಿಯಾಟ ಮುಂಬಯಿಯಲ್ಲಿ 1960ರ ದಶಕದಲ್ಲಿ ಬೆಳೆದದ್ದು. ಮೊದಲು ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ದರದ ಅಂಕಿಗಳ ಮೇಲೆ ಬಾಜಿ ಕಟ್ಟುತ್ತಿದ್ದರು. ಆ ದರ ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವ ಪದ್ಧತಿ ಬಂತು. ಮಟ್ಕಾ ಎಂದರೆ ಮಡಕೆಯೇ.

ಈ ಮಡಕೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಚೊಂಬಿನಲ್ಲಿ 0ರಿಂದ 9ರವರೆಗೆ ಬರೆದ ಹತ್ತು ಚೀಟಿಗಳನ್ನು ಹಾಕಿ. ಹಣದ ಬದಲು ನೂರು ಹುಣಸೆಬೀಜ ಇಟ್ಟುಕೊಳ್ಳಿ. ಮಗ ಒಂದು ಅಂಕಿ ಆರಿಸಿ ಒಂದು ಬೀಜ ಕಟ್ಟಲಿ. ಅಪ್ಪ ಕಣ್ಣುಮುಚ್ಚಿ ಚೀಟಿ ಎತ್ತಲಿ. ಅಂಕಿ ಬಂದರೆ ಒಂದಕ್ಕೆ ಒಂಬತ್ತು ಬೀಜ. ಬಾರದಿದ್ದರೆ ಕಟ್ಟಿದ್ದು ಹೋಯಿತು. ಚೀಟಿಯನ್ನು ಮತ್ತೆ ಚೊಂಬಿಗೆ ಹಾಕಿ ಕುಲುಕಿ, ಮುಂದಿನ ಆಟ.

ಒಂದಕ್ಕೆ ಒಂಬತ್ತು! ಕೇಳಲು ಎಷ್ಟು ಚೆನ್ನ. ಆದರೆ ಗೆಲ್ಲುವ ಸಾಧ್ಯತೆ ಹತ್ತರಲ್ಲಿ ಒಂದು. ನೂರು ಆಟಕ್ಕೆ ನೂರು ಬೀಜ ಕಟ್ಟಿದರೆ ಸರಾಸರಿ ಹತ್ತು ಸಲ ಗೆಲುವು, ಅಂದರೆ ತೊಂಬತ್ತು ಬೀಜ ವಾಪಸು. ನೂರಕ್ಕೆ ಹತ್ತು ಬೀಜ ಮಡಕೆಯವನ ಪಾಲು. ‘ಹತ್ತು ತಾನೇ’ ಎನ್ನಬೇಡಿ. ಜೂಜುಗಾರ ಗೆದ್ದದ್ದನ್ನು ಜೇಬಿಗೆ ಹಾಕಿಕೊಂಡು ಏಳುವುದಿಲ್ಲ. ಅದನ್ನೇ ತಿರುಗಿ ಕಟ್ಟುತ್ತಾನೆ. ನೂರು ತೊಂಬತ್ತಾಗುತ್ತದೆ, ತೊಂಬತ್ತು ಎಂಬತ್ತೊಂದಾಗುತ್ತದೆ, ಎಂಬತ್ತೊಂದು ಸುಮಾರು ಎಪ್ಪತ್ಮೂರಾಗುತ್ತದೆ. ಹೀಗೆ ಹತ್ತು ಸುತ್ತು ತಿರುಗಿದರೆ ಸರಾಸರಿಯಾಗಿ ಉಳಿಯುವುದು ಬರೀ ಮೂವತ್ತೈದು. ಮೋಸವೇ ಇಲ್ಲದ ಮಡಕೆಯ ಲೆಕ್ಕ ಇದು. ಮೋಸವಿದ್ದರೆ ಇನ್ನು ಹೇಳುವುದೇನು?

‘ಸೋತಾಗಲೆಲ್ಲ ದುಪ್ಪಟ್ಟು ಕಟ್ಟಿದರೆ ಒಂದಲ್ಲ ಒಂದು ಸಲ ಎಲ್ಲವೂ ವಾಪಸು ಬರುತ್ತದೆ’ ಎಂಬ ಇನ್ನೊಂದು ಜಾಣತನ ಕಾಲೇಜು ಹುಡುಗರಲ್ಲಿ ಪ್ರಚಾರದಲ್ಲಿದೆ. ನಾಣ್ಯ ಚಿಮ್ಮುವ ಆಟವನ್ನೇ ತೆಗೆದುಕೊಳ್ಳಿ. ಹತ್ತು ರೂಪಾಯಿಂದ ಆರಂಭಿಸಿ 20, 40, 80 ಎಂದು ಏರಿಸುತ್ತಾ ಹೋದರೆ ಹತ್ತು ಸತತ ಸೋಲಿಗೆ ಕಳೆದುಕೊಂಡದ್ದು 10,230 ರೂಪಾಯಿ. ಹನ್ನೊಂದನೆಯ ಆಟಕ್ಕೆ ಇನ್ನೂ 10,240 ಬೇಕು. ಇಷ್ಟೆಲ್ಲ ಸುರಿದು ಕೊನೆಗೆ ಗೆದ್ದರೂ ಸಿಗುವ ಲಾಭವೆಷ್ಟು ಗೊತ್ತೇ? ಮೊದಲು ಕಟ್ಟಿದ ಆ ಹತ್ತೇ ರೂಪಾಯಿ!

ಹೋದದ್ದನ್ನು ತರುವ ಹಟ

ಮಹಾಭಾರತದ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಧರ್ಮರಾಯನ ಸೋಲಿನ ಸಾಲು ನೆನಪಿರುತ್ತದೆ. ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಆದರೆ ಅದಕ್ಕಿಂತ ಆಳವಾದ ಪಾಠ ಅನಂತರದ ಪ್ರಸಂಗದಲ್ಲಿದೆ. ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿ ಕಳಿಸಿದ ಮೇಲೂ, ಮತ್ತೆ ಕರೆ ಬಂದಾಗ ಧರ್ಮರಾಯ ಹೋಗಿ ಕೂತ. ಆ ಒಂದು ಆಟದ ಬೆಲೆ ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ. ಧರ್ಮ ತಿಳಿದವನಿಗೂ ಎರಡನೆಯ ಕರೆಯನ್ನು ತಳ್ಳಲಾಗಲಿಲ್ಲ.

ಇಂದಿನ ವೈದ್ಯರು ಚಟದ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಹೇಳುವುದೂ ಇದನ್ನೇ: ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಮತ್ತೆ ಆಡುವುದು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಜೂಜಿನ ಚಟವನ್ನು ಮೊದಲ ಬಾರಿಗೆ ತನ್ನ ಕಾಯಿಲೆಗಳ ಕೈಪಿಡಿಗೆ ಸೇರಿಸಿದಾಗ, ಅದನ್ನು ಆವೇಗ ತಡೆಯಲಾಗದ ತೊಂದರೆಗಳ ಗುಂಪಿನಲ್ಲಿಟ್ಟಿತ್ತು. 2013ರ ಆವೃತ್ತಿಯಲ್ಲಿ ಅದನ್ನು ಮದ್ಯ, ಮಾದಕವಸ್ತುಗಳ ಚಟದ ಪಂಕ್ತಿಗೆ ಸೇರಿಸಲಾಯಿತು. ಬಾಟಲಿಯಿಲ್ಲದ, ವಾಸನೆಯಿಲ್ಲದ ಚಟ ಇದು. ಆದ್ದರಿಂದಲೇ ಮನೆಯವರ ಕಣ್ಣಿಗೆ ತಡವಾಗಿ ಬೀಳುತ್ತದೆ.

ಕಾನೂನು ಒಂದು ಬೇಲಿ ಮಾತ್ರ

ಕರ್ನಾಟಕದಲ್ಲಿ ಲಾಟರಿಯನ್ನು 2007ರಲ್ಲಿ ನಿಷೇಧಿಸಲಾಯಿತು. ದಿನಗೂಲಿಯನ್ನು ಒಂದಂಕಿ ಲಾಟರಿಗೆ ಸುರಿದು ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಕಂಡ ಪೀಳಿಗೆಗೆ ಅದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಜೂಜು ಮೊಬೈಲಿಗೆ ಬಂತು. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟವನ್ನು ತಡೆಯಲು ಹೊರಟಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಎಂದು ವಿಧಿಸಿತು. ಆಡುವವನನ್ನು ಅದು ಅಪರಾಧಿಯೆಂದು ನೋಡಲಿಲ್ಲ ಎಂಬುದು ಗಮನಿಸಬೇಕಾದ ಅಂಶ.

ಬೇಲಿ ಬೇಕೇ ಬೇಕು. ಆದರೆ ಬೇಲಿಯಲ್ಲಿ ಕಂಡಿ ಹುಡುಕುವ ಲಿಂಕುಗಳಿಗೂ ಗೆಳೆಯರ ಗುಂಪಿನ ಬಾಜಿಗೂ ಮನೆಯೊಳಗಿನ ಎಚ್ಚರವೇ ಮದ್ದು.

ಕಾಯುವುದನ್ನು ಕಲಿಸಬಹುದು

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಸಿಹಿತಿಂಡಿಯ ಪ್ರಯೋಗವನ್ನು ಕೇಳದವರು ಕಡಿಮೆ. ಮಗುವಿನ ಮುಂದೆ ಒಂದು ಸಿಹಿ. ಈಗಲೇ ತಿಂದರೆ ಒಂದು, ಸ್ವಲ್ಪ ಹೊತ್ತು ಕಾದರೆ ಎರಡು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಬಹಳ ಯಶಸ್ವಿಯಾದರು ಎಂದು ದಶಕಗಳ ಕಾಲ ಪ್ರಚಾರವಾಯಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯಿಂದ ಇದನ್ನು ಮರುಪರಿಶೀಲಿಸಿದಾಗ ಆ ನಂಟು ಬಹಳ ಸಣ್ಣದೆಂದೂ, ಮನೆಯ ಸ್ಥಿತಿಗತಿಯ ಪಾಲೇ ಅದರಲ್ಲಿ ಹೆಚ್ಚೆಂದೂ ತಿಳಿಯಿತು.

ಆದರೆ ಮಿಶೆಲ್ ಅವರ ಇನ್ನೊಂದು ಗಮನಿಕೆ ಇಂದಿಗೂ ಉಪಯುಕ್ತ. ಕಾದು ಗೆದ್ದ ಮಕ್ಕಳು ಹಲ್ಲುಕಚ್ಚಿ ಸಿಹಿಯನ್ನೇ ದಿಟ್ಟಿಸುತ್ತಾ ಕೂತಿರಲಿಲ್ಲ. ಮುಖ ತಿರುಗಿಸಿದರು, ಹಾಡಿಕೊಂಡರು, ಕಣ್ಣುಮುಚ್ಚಿದರು. ಸಿಹಿಯನ್ನು ಮರೆಮಾಡಿದಾಗ ಮಕ್ಕಳು ಇನ್ನೂ ಹೆಚ್ಚು ಹೊತ್ತು ಕಾದರು. ಮನೋಬಲಕ್ಕಿಂತ ದೂರವೇ ದೊಡ್ಡ ಉಪಾಯ!

ದುಡುಕಿಗೂ ಕೈಗೂ ನಡುವೆ ಅಂತರ ಹೆಚ್ಚಿಸುವುದೇ ಇದರ ಸಾರ. ಫೀಸಿನ ಹಣವನ್ನು ಸಾಧ್ಯವಾದರೆ ನೇರವಾಗಿ ಕಾಲೇಜಿಗೇ ಕಟ್ಟಿ. ಮಗನ ಖಾತೆಗೆ ತಿಂಗಳ ಖರ್ಚನ್ನು ವಾರವಾರ ಹಾಕಿ. ಮೊಬೈಲಿನ ಹಣಪಾವತಿಗೆ ಸಣ್ಣ ಮಿತಿ ಇಡಿಸಿ. ‘ರಾತ್ರಿ ಹತ್ತರ ಮೇಲೆ ಹಣದ ಯಾವ ತೀರ್ಮಾನವೂ ಬೇಡ’ ಎಂಬ ನಿಯಮವನ್ನು ಮನೆಮಂದಿಯೆಲ್ಲ, ಅಪ್ಪನೂ ಸೇರಿ, ಪಾಲಿಸಿ. ಹಬ್ಬದ ದಿನದ ಇಸ್ಪೀಟನ್ನು ಬಿಡಲಾಗದಿದ್ದರೆ, ಮಕ್ಕಳ ಕೈಗಾದರೂ ಹಣ ಕೊಟ್ಟು ಕೂರಿಸಬೇಡಿ. ಚಿಕ್ಕ ವಯಸ್ಸಿನಲ್ಲಿ ಸಿಕ್ಕ ಮೊದಲ ಗೆಲುವಿನ ರುಚಿ ಬಹಳ ದಿನ ನಾಲಗೆಯ ಮೇಲಿರುತ್ತದೆ.

ಚಟ ಹತ್ತಿದೆ ಎಂದು ಗೊತ್ತಾದರೆ? ಮೊದಲನೆಯದು, ಹೊಡೆತ ಬಡಿತ ಬೇಡ. ಅವಮಾನ ಸುಳ್ಳನ್ನು ಹೆಚ್ಚಿಸುತ್ತದೆಯೇ ಹೊರತು ಚಟವನ್ನು ಬಿಡಿಸುವುದಿಲ್ಲ. ಎರಡನೆಯದು, ಯಾರಿಗೂ ಹೇಳದೆ ಗುಟ್ಟಾಗಿ ಸಾಲ ತೀರಿಸಿ ‘ಇದೇ ಕೊನೆ’ ಎಂದು ಆಣೆ ಮಾಡಿಸಿಕೊಂಡು ಬಿಡಬೇಡಿ. ಸಾಲದ ಪೂರ್ತಿ ಪಟ್ಟಿಯನ್ನು ಜೊತೆಯಲ್ಲಿ ಕೂತು ಬರೆಯಿರಿ. ಹಣದ ನಿರ್ವಹಣೆಯನ್ನು ಕೆಲಕಾಲ ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ. ಮೂರನೆಯದು, ತಜ್ಞರ ಸಹಾಯ. ಆಲೋಚನೆಯ ದಾರಿಯನ್ನೂ ನಡವಳಿಕೆಯನ್ನೂ ತಿದ್ದುವ ಮಾತಿನ ಚಿಕಿತ್ಸೆಯಿಂದ ಅನೇಕರು ಹೊರಬಂದಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್‌ಗಳ ಅತಿಬಳಕೆಯ ತೊಂದರೆಗಾಗಿ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ಆರಂಭವಾಯಿತು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಸಾಲದ ಭಯದಲ್ಲಿರುವ ಹುಡುಗನ ಮನಸ್ಸು ಸಾವಿನ ಕಡೆಗೂ ದುಡುಕಬಹುದು. ‘ಬದುಕೇ ಬೇಡ ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಕೇಳುವುದರಿಂದ ಮನಸ್ಸಿನ ಭಾರ ಇಳಿಯುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡದೆ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.

ಹೆತ್ತವರು ಗಮನಿಸಬೇಕಾದ ಸೂಚನೆಗಳು

* ದಿನದಿಂದ ದಿನಕ್ಕೆ ಹೆಚ್ಚು ಹಣ ಕಟ್ಟಿ ಆಡಬೇಕೆನಿಸುವುದು.
* ಆಟ ನಿಲ್ಲಿಸಿದರೆ ಸಿಡುಕು, ಚಡಪಡಿಕೆ.
* ಬಿಡಬೇಕೆಂದು ಹಲವು ಸಲ ಪ್ರಯತ್ನಿಸಿ ಸೋಲುವುದು.
* ಓದುವಾಗ, ಉಣ್ಣುವಾಗಲೂ ಅದೇ ಧ್ಯಾನ.
* ಬೇಸರ, ಭಯ, ತಪ್ಪಿತಸ್ಥ ಭಾವನೆ ಬಂದಾಗ ಆಟಕ್ಕೆ ಓಡುವುದು.
* ಸೋತ ಮರುದಿನವೇ ಅದನ್ನು ವಾಪಸು ತರಲು ಕೂರುವುದು.
* ಎಷ್ಟು ಹೋಯಿತು ಎಂಬುದರ ಬಗ್ಗೆ ಸುಳ್ಳು.
* ಓದು, ಕೆಲಸ, ಸ್ನೇಹ, ಸಂಬಂಧ ಕೆಡುವುದು.
* ಕಷ್ಟದಿಂದ ಪಾರಾಗಲು ಕಂಡಕಂಡವರಲ್ಲಿ ಸಾಲ ಕೇಳುವುದು.

ಒಂದು ವರ್ಷದೊಳಗೆ ಇವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಕಂಡರೆ ವೈದ್ಯರು ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ಒಂದೆರಡು ಕಂಡಾಗಲೇ ಎಚ್ಚೆತ್ತರೆ ಇನ್ನೂ ಒಳ್ಳೆಯದು.

ಮತ್ತೆ ಆ ಹಾಸ್ಟೆಲಿನ ಹುಡುಗನ ಕಡೆಗೆ ಬರೋಣ. ಖಾತೆಯಲ್ಲಿ ನೂರಾ ಹದಿನಾರು ರೂಪಾಯಿ. ನಾಲ್ಕು ದಿನದಲ್ಲಿ ಫೀಸಿನ ಗಡುವು. ರಾತ್ರಿ ಒಂದೂವರೆ ಗಂಟೆ. ಅವನ ಮುಂದೆ ಈಗ ಎರಡು ದಾರಿ. ಸಾಲ ಕೊಡುವ ಯಾವುದೋ ಆಪ್ ತೆರೆದು ಹತ್ತು ಸಾವಿರ ಎತ್ತಿ ‘ಇನ್ನೊಂದೇ ಒಂದು ಆಟ’ ಆಡುವುದು ಒಂದು. ಮನೆಗೆ ಫೋನ್ ಮಾಡುವುದು ಇನ್ನೊಂದು. ಅವನು ಯಾವುದನ್ನು ಆರಿಸುತ್ತಾನೆ ಎಂಬುದು ಆ ರಾತ್ರಿಯ ಮಾತಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಸಣ್ಣಪುಟ್ಟ ತಪ್ಪು ಒಪ್ಪಿಕೊಂಡಾಗಲೆಲ್ಲ ಆ ಮನೆಯಲ್ಲಿ ಅವನಿಗೆ ಏನು ಸಿಕ್ಕಿತ್ತು ಎಂಬುದರ ಮಾತು.

ಫೋನ್ ಮಾಡಿದ ಎಂದುಕೊಳ್ಳೋಣ. ‘ಅಪ್ಪ, ಫೀಸಿನ ದುಡ್ಡು ಹೋಯ್ತು’ ಎಂದು ಒಂದೇ ಉಸಿರಿಗೆ ಹೇಳಿದ ಎಂದುಕೊಳ್ಳೋಣ. ಆ ಕಡೆ ಕಬ್ಬಿಗೆ ನೀರು ಬಿಟ್ಟು ಬಂದು ಈಗಷ್ಟೇ ಮಲಗಿದ್ದ ಅಪ್ಪನ ಎದೆ ಧಸಕ್ಕೆನ್ನುತ್ತದೆ. ಬಾಯಿಗೆ ಬೈಗುಳವೇ ಬರುತ್ತದೆ. ಅದು ಅವರ ಪಾಲಿನ ದುಡುಕು. ಅದನ್ನು ಒಂದು ಕ್ಷಣ ತಡೆದು, ‘ಮೊದ್ಲು ಊರಿಗೆ ಬಾ ಮಗ. ಲೆಕ್ಕ ಆಮೇಕೆ ನೋಡನ’ ಎಂದರೆ ಸಾಕು.

ಹೋದ ಮೂವತ್ತೆಂಟು ಸಾವಿರ ಅದರಿಂದ ಬರುವುದಿಲ್ಲ. ಆದರೆ ಇನ್ನೊಂದು ಆಟ ಅಲ್ಲಿಗೆ ನಿಲ್ಲುತ್ತದೆ.